.315 ರೈಫಲ್ ಬ್ಯಾರಲ್‌ನಲ್ಲಿ ತಾಮ್ರ ಹಿಡಿದಿದೆ, ತೆಗೆಯುವುದು ಹೇಗೆ?

ಅಡೂರು ತೋಟದವ

ಎಲ್ಲರಿಗೂ ನಮಸ್ಕಾರ. ಅಡೂರಿನ ಹತ್ತಿರ ನಮ್ಮ ಅಡಿಕೆ ತೋಟ. ತಂದೆಯವರ ಇಶಾಪುರ .315 ಬೋಲ್ಟ್ ರೈಫಲ್ ಈಗ ನನ್ನ ಲೈಸೆನ್ಸಿನಲ್ಲಿದೆ. ಪಂಚಾಯತಿನ ಕಾಡುಹಂದಿ ಹೊಡೆಯುವವರ ಪಟ್ಟಿಯಲ್ಲೂ ಹೆಸರು ಇದೆ.

ವಿಷಯ ಏನೆಂದರೆ, ಮೊದಲು 50 ಮೀಟರ್ ದೂರಕ್ಕೆ ಗುಂಡುಗಳೆಲ್ಲ ಅಂಗೈ ಅಗಲದೊಳಗೆ ಬೀಳುತ್ತಿದ್ದವು. ಈಗ ಒಂದು ಎಡಕ್ಕೆ ಹೋದರೆ ಇನ್ನೊಂದು ಮೇಲಕ್ಕೆ. ತೋಟಾ ಅದೇ, ಕೈಯೂ ಅದೇ. ಹಂದಿಗೆ ಗಾಯ ಮಾಡಿ ಕಾಡಿಗೆ ಕಳಿಸುವುದು ನನ್ನಿಂದ ಆಗುವುದಿಲ್ಲ. ಹಾಗಾಗಿ ಇದು ಸರಿಯಾಗುವವರೆಗೆ ಯಾರು ಕರೆದರೂ ಹೋಗುವುದಿಲ್ಲ ಅಂತ ಹೇಳಿಬಿಟ್ಟಿದ್ದೇನೆ.

ಬೋಲ್ಟ್ (ತೋಟಾ ಒಳಗೆ ದೂಡಿ ಹಿಂದಿನಿಂದ ಮುಚ್ಚುವ ಸರಳು) ತೆಗೆದು, ಖಾಲಿ ಇದೆ ಅಂತ ನೋಡಿಕೊಂಡು, ಬಾಯಿಯ ಕಡೆಯಿಂದ ಟಾರ್ಚ್ ಓರೆಯಾಗಿ ಹಿಡಿದೆ. ಒಳಗಿನ ಏಣುಗಳ ಮೇಲೆ ಹೊಸ ತಾಮ್ರದ ತಂತಿಯಂಥ ಕೆಂಪು ಬಣ್ಣ. ಎಣ್ಣೆ ಬಟ್ಟೆ ಎಷ್ಟು ಎಳೆದರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಇಷ್ಟರವರೆಗೆ ಪುಲ್‌ಥ್ರೂ (ಬಟ್ಟೆ ಕಟ್ಟಿ ಬ್ಯಾರಲ್ ಒಳಗೆ ಎಳೆಯುವ ಹಗ್ಗ) ಹಾಕಿ ಮಸಿ ತೆಗೆದು ತೆಂಗಿನೆಣ್ಣೆ ಹಚ್ಚಿ ಇಡುವುದೇ ಕ್ರಮ.

ಊರಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ದೇವರ ಪಾತ್ರೆ ತೊಳೆಯುವ ಹಾಗೆ ಹುಣಸೆಹಣ್ಣು ಉಪ್ಪು ಹಾಕಿ ಉಜ್ಜು ಅಂತ ಒಬ್ಬರು. ರಬ್ಬರ್ ಹಾಲಿಗೆ ಹಾಕುವ ಅಮೋನಿಯಾ ತಂದು ಹೊಯ್ಯಿ, ಒಂದೇ ದಿನದಲ್ಲಿ ಎಲ್ಲ ಬಿಟ್ಟುಹೋಗುತ್ತದೆ ಅಂತ ಭಾವ. ಸ್ಟೀಲ್ ವೂಲ್ ಸಾಕು ಅಂತ ಮತ್ತೊಬ್ಬರು. ಯಾವುದನ್ನೂ ಮಾಡದೆ ಇಲ್ಲಿ ಕೇಳುತ್ತಿದ್ದೇನೆ. ಬ್ಯಾರಲ್ ಹಾಳಾದರೆ ಬೇರೆ ಸಿಗುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತುಂಟಲ್ಲ.

ಮಂಜೇಶ್ವರ 12 ಬೋರ್

ಅಣ್ಣ, ನಮ್ಮ ಅಜ್ಜ ಬ್ರಾಸೊ ಹಾಕಿ ಉಜ್ಜುತ್ತಿದ್ದದ್ದು ನೋಡಿದ್ದೇನೆ. ಪಳಪಳ ಹೊಳೆಯುತ್ತಿತ್ತು. ಅದನ್ನು ಮಾಡಿ ನೋಡಬಹುದಲ್ವಾ? ಗೊತ್ತಿರುವವರು ಹೇಳಿ.

ಆರ್ಮರರ್ ಮುಳ್ಳೇರಿಯ

ತೋಟದವರೇ, ಏನೂ ಮಾಡದೆ ಮೊದಲು ಕೇಳಿದಿರಲ್ಲ, ಅದೇ ದೊಡ್ಡ ಉಪಕಾರ. ನಾನು ಸೈನ್ಯದಲ್ಲಿ ಆರ್ಮರರ್ ಆಗಿದ್ದವ. ಕೋವಿ ಬಿಚ್ಚುವುದು, ಜೋಡಿಸುವುದು, ಬ್ಯಾರಲ್ ನೋಡುವುದು, ಇದೇ ನನ್ನ ಕೆಲಸವಾಗಿತ್ತು. ಗುಂಡು ಹಾರಿಸಿ ಸವೆದ ಬ್ಯಾರಲ್‌ಗಿಂತ ತಪ್ಪಾಗಿ ಕ್ಲೀನ್ ಮಾಡಿ ಹಾಳಾದ ಬ್ಯಾರಲ್‌ಗಳನ್ನೇ ಜಾಸ್ತಿ ನೋಡಿದ್ದೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ತಾಮ್ರಕ್ಕೆ ಕೈ ಹಾಕುವ ಮೊದಲು ಸ್ಕ್ರೂ ನೋಡಿ. ಮರದ ಸ್ಟಾಕನ್ನು ಹಿಡಿದಿರುವ ಸ್ಕ್ರೂ, ಗುರಿ ನೋಡುವ ಸೈಟ್‌ನ ಸ್ಕ್ರೂ, ಎಲ್ಲ ಗಟ್ಟಿ ಇವೆಯಾ? ನಮ್ಮ ಕಡೆ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಸ್ಕ್ರೂ ತಾನಾಗಿಯೇ ಸಡಿಲ ಆಗುತ್ತದೆ. ಗುಂಡು ಚದುರಲಿಕ್ಕೆ ಅಷ್ಟೇ ಸಾಕು. ಆಮೇಲೆ ಬಾಯಿಯ ಅಂಚು ನೋಡಿ. ಗುಂಡು ಕೊನೆಗೆ ಬಿಟ್ಟು ಹೋಗುವ ಜಾಗ ಅದು. ಅಲ್ಲಿ ಒಂದು ಕಡೆ ಸವೆದಿದ್ದರೆ ಅಥವಾ ಪೆಟ್ಟು ಬಿದ್ದಿದ್ದರೆ ಯಾವ ಔಷಧ ಹಾಕಿದರೂ ಪ್ರಯೋಜನ ಇಲ್ಲ. ಪುಲ್‌ಥ್ರೂ ಹಗ್ಗವನ್ನು ಓರೆಯಾಗಿ ಎಳೆದು ಎಳೆದು ಆ ಅಂಚು ಸವೆಯುವುದು ಹಳೆಯ ಕೋವಿಗಳಲ್ಲಿ ಮಾಮೂಲು.

ಇವೆರಡೂ ಸರಿ ಇದ್ದರೆ ತಾಮ್ರದ ಮೇಲೆ ಸಂಶಯ ಪಡಬಹುದು. ನಿಮ್ಮ ಗುಂಡಿನ ಒಳಗೆ ಸೀಸ, ಹೊರಗೆ ಜ್ಯಾಕೆಟ್. ಜ್ಯಾಕೆಟ್‌ನಲ್ಲಿ ನೂರಕ್ಕೆ 90–95 ಪಾಲು ತಾಮ್ರ, ಉಳಿದದ್ದು ಸತು. ಗುಂಡು ರೈಫ್ಲಿಂಗ್ (ಬ್ಯಾರಲ್ ಒಳಗಿನ ಸುರುಳಿ ಏಣುಗಳು) ಕಚ್ಚಿಕೊಂಡು ಹೋಗುವಾಗ ಅದರ ಒಂದು ತೆಳು ಪೊರೆ ಉಕ್ಕಿಗೆ ಅಂಟುತ್ತದೆ. ಮುಂದಿನ ಗುಂಡಿನ ಮಸಿ ಅದರ ಮೇಲೆ ಕೂರುತ್ತದೆ. ಮಸಿಯ ಮೇಲೆ ಮತ್ತೆ ತಾಮ್ರ. ವರ್ಷ ವರ್ಷ ಗೋಡೆಗೆ ಸುಣ್ಣ ಹೊಡೆದ ಹಾಗೆ ಪದರದ ಮೇಲೆ ಪದರ. ನೀವು ಇಷ್ಟು ವರ್ಷ ಎಣ್ಣೆ ಬಟ್ಟೆಯಿಂದ ತೆಗೆದದ್ದು ಮೇಲಿನ ಮಸಿ ಮಾತ್ರ. ಒಳಗಿನ ತಾಮ್ರ ಅಲ್ಲೇ ಇದೆ.

ಇದು ಹೊಸ ತಲೆನೋವೂ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಜ್ಯಾಕೆಟ್‌ಗೆ ತಾಮ್ರ ಮತ್ತು ನಿಕಲ್ ಮಿಶ್ರಣ ಇತ್ತು. ಅದು ಬಾಯಿಯ ಹತ್ತಿರ ಗಂಟು ಗಂಟಾಗಿ ಅಂಟುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಸೈನ್ಯ ಅದನ್ನು ಬಿಟ್ಟು ತಾಮ್ರ–ಸತುವಿಗೆ ಬಂತು. ದೊಡ್ಡ ಫಿರಂಗಿಗಳಲ್ಲೂ ಶೆಲ್‌ನ ತಾಮ್ರದ ಪಟ್ಟಿ ನಳಿಗೆಗೆ ಅಂಟುತ್ತದೆ. ಅದಕ್ಕೆ ಮದ್ದಿನ ಜೊತೆ ಸೀಸದ ತೆಳು ಹಾಳೆ ಇಡುವ ಪದ್ಧತಿ ಬಂತು. ಅಷ್ಟು ದೊಡ್ಡ ನಳಿಗೆಯಲ್ಲೂ ಕೈಯಿಂದ ಉಜ್ಜಿ ತೆಗೆಯುವುದು ಆಗದ ಮಾತು ಅಂತ ತಿಳಿದೇ ಹಾಗೆ ಮಾಡಿದ್ದು. ನಾನು ಹೇಳುವುದೂ ಅಷ್ಟೇ. ತಾಮ್ರವನ್ನು ಕೆರೆಯಬೇಡಿ, ಕರಗಿಸಿ. ಕರಗಲಿಕ್ಕೆ ಅದಕ್ಕೆ ಸಮಯ ಕೊಡಿ.

ಸ್ಟೀಲ್ ವೂಲ್ ಬೇಡವೇ ಬೇಡ. ಬ್ರಾಸೊದಲ್ಲಿ ಅಮೋನಿಯಾ ಸ್ವಲ್ಪ ಇದೆ, ಆದರೆ ಉಜ್ಜುವ ಪುಡಿಯೂ ಇದೆ. ಹೊಳಪು ಬಂತು ಅಂದರೆ ಏನೋ ಸವೆದಿದೆ ಅಂತಲೇ ಅರ್ಥ. ಹೊಳಪು ನೋಡಿ ಮೋಸ ಹೋಗಬೇಡಿ.

ಬೇಕಾದದ್ದು ಹೇಳುತ್ತೇನೆ. ತುಂಡು ತುಂಡು ಜೋಡಿಸುವ ರಾಡ್ ಅಲ್ಲ, ಒಂದೇ ಉದ್ದದ, ಹಿಡಿ ತಿರುಗುವ ರಾಡ್. ನೈಲಾನ್ ಬ್ರಷ್. ಪ್ಲಾಸ್ಟಿಕ್ ಅಥವಾ ನಿಕಲ್ ಲೇಪದ ಜ್ಯಾಗ್, ಅಂದರೆ ರಾಡ್‌ನ ತುದಿಯಲ್ಲಿ ಬಟ್ಟೆ ಹಿಡಿಯುವ ತುಂಡು. ಹತ್ತಿಯ ಬಿಳಿ ಬಟ್ಟೆ ತುಂಡುಗಳು, ಹಳೇ ಪಂಚೆ ಆದರೂ ನಡೆಯುತ್ತದೆ. ಮಸಿಗೆ ಒಂದು ಸಾಲ್ವೆಂಟ್ (ಕರಗಿಸುವ ದ್ರವ), ತಾಮ್ರಕ್ಕೆ ಅಂತಲೇ ಮಾಡಿದ ಇನ್ನೊಂದು. ಹೋಪ್ಸ್ ನಂಬರ್ 9 ಮಸಿಗೆ ಒಳ್ಳೆಯದು, 1903ರಿಂದ ಇದೆ, ಆದರೆ ತಾಮ್ರಕ್ಕೆ ತುಂಬಾ ನಿಧಾನ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ತಾಮ್ರದ ಸಾಲ್ವೆಂಟ್ ಬೇಕು ಅಂತ ಬಾಯಿ ಬಿಟ್ಟು ಕೇಳಿ. ಬರೀ ಎಣ್ಣೆ ಕೊಟ್ಟು ಕಳಿಸಿದರೆ ತಗೊಳ್ಳಬೇಡಿ.

ಕೆಲಸ ಹೀಗೆ. ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆಗೆಯಿರಿ, ತೋಟಾ ಕೂರುವ ಚೇಂಬರಿಗೆ ಕಣ್ಣು ಹಾಕಿ, ಬೆರಳನ್ನೂ ಹಾಕಿ. ನೀವು ಕ್ಲೀನ್ ಮಾಡುವ ಕೋಣೆಯಲ್ಲೇ ತೋಟಾ ಇರಬಾರದು. ರೈಫಲನ್ನು ಬಾಯಿ ಸ್ವಲ್ಪ ಕೆಳಗೆ ಬರುವ ಹಾಗೆ ಮಲಗಿಸಿ, ಇಲ್ಲದಿದ್ದರೆ ಸಾಲ್ವೆಂಟ್ ಹಿಂದಕ್ಕೆ ಹರಿದು ಮರದ ಪಾಲಿಶ್ ತಿನ್ನುತ್ತದೆ. ರಾಡ್ ಯಾವಾಗಲೂ ಚೇಂಬರ್ ಕಡೆಯಿಂದ. ಮೊದಲು ಮಸಿ. ಸಾಲ್ವೆಂಟ್ ಬಟ್ಟೆ ಹಾಕಿ, ಸ್ವಲ್ಪ ಹೊತ್ತು ಬಿಡಿ, ಬ್ರಷ್ ಹಾಕಿ. ಬ್ರಷ್ ಬಾಯಿಯಿಂದ ಪೂರ್ತಿ ಹೊರಗೆ ಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು, ಮಧ್ಯದಲ್ಲಿ ತಿರುಗಿಸಬಾರದು. ಬಟ್ಟೆ ಹೆಚ್ಚುಕಡಿಮೆ ಬಿಳಿ ಬರುವವರೆಗೆ ಮಾಡಿ, ಆಮೇಲೆ ಒಣ ಬಟ್ಟೆ. ಎರಡು ಸಾಲ್ವೆಂಟ್ ಒಳಗೆ ಬೆರೆಯಬಾರದು.

ಈಗ ತಾಮ್ರದ್ದು. ನೈಲಾನ್ ಬ್ರಷ್‌ನಲ್ಲಿ ಹಚ್ಚಿ ಬಿಡಿ. ಎಷ್ಟು ಹೊತ್ತು ಅಂತ ಬಾಟಲಿಯ ಮೇಲೆ ಬರೆದಿರುತ್ತದೆ, ಅದಕ್ಕಿಂತ ಒಂದು ನಿಮಿಷವೂ ಜಾಸ್ತಿ ಬೇಡ. ಅಮೋನಿಯಾ ಖಾರ ಇರುವ ಕೆಲವು ಸಾಲ್ವೆಂಟ್‌ಗಳಿಗೆ ಕಾಲು ಗಂಟೆಯೇ ಮಿತಿ. ಅಮೋನಿಯಾ ಇಲ್ಲದ ನೊರೆಯೂ ಬರುತ್ತದೆ, ಕೆಲವನ್ನು ರಾತ್ರಿಯಿಡೀ ಬಿಡಬಹುದು. ಒಂದರ ನಿಯಮ ಇನ್ನೊಂದಕ್ಕೆ ಹಾಕಬೇಡಿ. ಆಮೇಲೆ ಒಣ ಬಟ್ಟೆ ದೂಡಿ ನೋಡಿ. ತಾಮ್ರ ಇದ್ದರೆ ಬಟ್ಟೆ ನೀಲಿಯಾಗಿ ಬರುತ್ತದೆ. ಪೂರ್ತಿ ನೀಲಿ ಅಲ್ಲ, ರೈಫ್ಲಿಂಗಿನ ಏಣು ತಾಗಿದ ಕಡೆ ಉದ್ದುದ್ದ ನೀಲಿ ಪಟ್ಟೆ, ನಡುವೆ ಬೂದು. ಆ ಪಟ್ಟೆ ಮಸುಕಾಗುವವರೆಗೆ ಮತ್ತೆ ಮತ್ತೆ ಮಾಡಿ. ನೀಲಿ ನಿಂತಿತು, ಆದರೆ ಟಾರ್ಚ್‌ನಲ್ಲಿ ಕೆಂಪು ಇನ್ನೂ ಕಾಣುತ್ತದೆ ಅಂತಾದರೆ ನಡುವೆ ಮಸಿಯ ಪದರ ಬಂದಿದೆ ಅಂತ. ಪುನಃ ಮಸಿಯ ಸಾಲ್ವೆಂಟ್, ಪುನಃ ತಾಮ್ರದ್ದು. ಇಷ್ಟು ವರ್ಷದ್ದು ಒಂದೇ ದಿನದಲ್ಲಿ ಹೋಗಬೇಕು ಅಂತ ಹಟ ಬೇಡ.

ಮುಗಿದ ಮೇಲಿನ ಕೆಲಸ ನಮ್ಮೂರಿನಲ್ಲಿ ಇನ್ನೂ ಮುಖ್ಯ. ತಾಮ್ರದ ಸಾಲ್ವೆಂಟ್ ಒಳಗಿದ್ದ ಎಣ್ಣೆಯನ್ನೆಲ್ಲ ತೆಗೆದುಬಿಡುತ್ತದೆ. ಬೆತ್ತಲೆ ಉಕ್ಕು, ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಕಾಸರಗೋಡಿನ ಗಾಳಿ. ಮರುದಿನ ಬೆಳಿಗ್ಗೆಗೇ ತುಕ್ಕಿನ ಹೊಗರು ಕಾಣುತ್ತದೆ. ಒಣ ಬಟ್ಟೆ, ನಂತರ ಮಸಿಯ ಸಾಲ್ವೆಂಟ್ ಒಂದು ಬಟ್ಟೆ, ಮತ್ತೆ ಒಣ ಬಟ್ಟೆ, ಕೂಡಲೇ ಕೋವಿ ಎಣ್ಣೆ. ತೆಂಗಿನೆಣ್ಣೆ ಇನ್ನು ಮುಂದೆ ಬೇಡ. ಅದು ಕಾಲ ಹೋದ ಹಾಗೆ ಕಮಟಾಗಿ ಅಂಟಂಟಾಗುತ್ತದೆ, ಬೋಲ್ಟ್ ಒಳಗೂ ಹಿಡಿಯುತ್ತದೆ.

ಬದಿಯಡ್ಕ ಟೀಚರ್

ನಾನು ಕೋವಿ ಮುಟ್ಟಿದವಳಲ್ಲ. ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಹುಣಸೆಹಣ್ಣಿನ ವಿಷಯ ಬಂದದ್ದಕ್ಕೆ ಬರೆಯಲೇಬೇಕು ಅನ್ನಿಸಿತು.

ಕೊಡಪಾನಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದಾಗ ಹೋಗುವುದು ತಾಮ್ರ ಅಲ್ಲ, ತಾಮ್ರದ ಮೇಲಿನ ಕಪ್ಪು ಆಕ್ಸೈಡ್. ಹುಣಸೆಯ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ. ಕೆಳಗಿನ ತಾಮ್ರ ಹಾಗೇ ಉಳಿದು ಹೊಳೆಯುತ್ತದೆ. ನಿಮಗೆ ಬೇಕಾದದ್ದು ತಾಮ್ರವನ್ನೇ ತೆಗೆಯುವುದು. ಹುಣಸೆ ಹಾಕಿದರೆ ಬ್ಯಾರಲ್‌ನ ತಾಮ್ರ ಇನ್ನೂ ಚೆನ್ನಾಗಿ ಹೊಳೆಯಬಹುದು ಅಷ್ಟೇ. ಅದರ ಬದಲಿಗೆ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ, ಉಪ್ಪು ಸೇರಿದರೆ ತುಕ್ಕು ಇನ್ನೂ ಬೇಗ. ಬಿಂಬುಳಿ, ಲಿಂಬೆ, ವಿನೆಗರ್ ಎಲ್ಲದಕ್ಕೂ ಇದೇ ಮಾತು. ವಿನೆಗರ್ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ವಿಡಿಯೊಗಳು ಓಡಾಡುತ್ತಿವೆ. ಅದು ತಾಮ್ರವನ್ನು ಕರಗಿಸುತ್ತದೆ ಹೌದು, ಉಕ್ಕನ್ನೂ ಬಿಡುವುದಿಲ್ಲ. ಗುಂಡಿನ ಸೀಸ ಒಳಗಿದ್ದರೆ ಲೆಡ್ ಅಸಿಟೇಟ್ ಆಗುತ್ತದೆ. ಅದು ವಿಷ, ಚರ್ಮದ ಮೂಲಕವೂ ಒಳಗೆ ಹೋಗಬಹುದು.

ಅಮೋನಿಯಾ ಕೆಲಸ ಮಾಡುವ ರೀತಿಯೇ ಬೇರೆ. ಗಾಳಿಯ ಆಮ್ಲಜನಕ ತಾಮ್ರದ ಮೇಲ್ಮೈಯನ್ನು ಸ್ವಲ್ಪ ಸ್ವಲ್ಪವೇ ಆಕ್ಸೈಡ್ ಮಾಡುತ್ತದೆ. ಅಮೋನಿಯಾ ಅದನ್ನು ಹಿಡಿದುಕೊಂಡು ನೀರಿನಲ್ಲಿ ಕರಗುವ ಕಡು ನೀಲಿ ಸಂಯುಕ್ತವಾಗಿಸುತ್ತದೆ. ಲ್ಯಾಬಿನಲ್ಲಿ ಮಕ್ಕಳು ತಾಮ್ರವನ್ನು ಗುರುತಿಸುವುದು ಇದೇ ನೀಲಿಯಿಂದ. ಆಮ್ಲಜನಕ ಬೇಕಾದ್ದರಿಂದ ಬ್ಯಾರಲ್‌ಗೆ ಬಿರಡೆ ಹಾಕಿ ದ್ರವ ತುಂಬಿಸಿ ಇಡುವುದಕ್ಕಿಂತ ತೆಳುವಾಗಿ ಹಚ್ಚಿ ಗಾಳಿಯಾಡಲು ಬಿಟ್ಟರೆ ಬೇಗ ಕರಗುತ್ತದೆ.

ರಬ್ಬರ್ ಶೆಡ್‌ನ ಅಮೋನಿಯಾ ದಯವಿಟ್ಟು ಬೇಡ. ಅದರ ಖಾರ ಎಷ್ಟು ಅಂತ ನಿಮಗೆ ಗೊತ್ತಾಗುವುದಿಲ್ಲ. ಗಟ್ಟಿ ದ್ರಾವಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಅದರಲ್ಲಿ ಉಳಿದದ್ದೆಲ್ಲ ನೀರು, ಎಣ್ಣೆಯ ಅಂಶ ಏನೂ ಇಲ್ಲ, ಹಾಗಾಗಿ ಉಕ್ಕಿಗೂ ಒಳ್ಳೆಯದಲ್ಲ. ಬಾಟಲಿಯ ಸಾಲ್ವೆಂಟ್ ಆದರೂ ಮಳೆ ಅಂತ ಕಿಟಕಿ ಮುಚ್ಚಿ ಕೂರಬೇಡಿ. ಜಗಲಿಯಲ್ಲಿ ಮಾಡಿ, ಗ್ಲೌಸ್, ಕನ್ನಡಕ ಹಾಕಿ. ಇನ್ನೊಂದು ಮುಖ್ಯ ಮಾತು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಎಲ್ಲರ ಮನೆಯಲ್ಲೂ ಇರುತ್ತದೆ. ಅಮೋನಿಯಾ ಅದಕ್ಕೆ ತಾಗಬಾರದು. ಬರುವ ಗ್ಯಾಸ್ ಶ್ವಾಸಕೋಶ ಸುಡುತ್ತದೆ. ಬಟ್ಟೆ ತುಂಡುಗಳನ್ನು ಬಚ್ಚಲಲ್ಲಿ ತೊಳೆಯುವುದೂ ಬೇಡ.

ಅಡೂರು ತೋಟದವ

ಸರ್, ಟೀಚರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾವನಿಗೆ ಟೀಚರ್ ಬರೆದದ್ದನ್ನು ಓದಿ ಹೇಳಿದೆ.

ಸ್ಟಾಕಿನ ಮುಂದಿನ ಸ್ಕ್ರೂ ಸ್ವಲ್ಪ ಸಡಿಲ ಇತ್ತು, ಗಟ್ಟಿ ಮಾಡಿದೆ. ಬಾಯಿಯ ಅಂಚು ಸುತ್ತಲೂ ಒಂದೇ ಥರ ಇದೆ. ಸಾಲ್ವೆಂಟ್ ತರಿಸಿ ಸರ್ ಹೇಳಿದ ಹಾಗೆ ಶುರು ಮಾಡಿದೆ. ಮೊದಲು ಬಂದ ಮಸಿ ನೋಡಿ ಹೆದರಿಕೆಯೇ ಆಯಿತು, ಟಾರ್ ಥರ. ಆಮೇಲೆ ಕಡು ನೀಲಿ ಪಟ್ಟೆ ಬಂತು, ನೀವು ಬರೆದ ಹಾಗೆಯೇ. ಮತ್ತೆ ಮಸಿ, ಮತ್ತೆ ನೀಲಿ.

ಈಗಿನ ಸಮಸ್ಯೆ ಅಂದರೆ ನೀಲಿ ನಿಲ್ಲುವುದೇ ಇಲ್ಲ. ಟಾರ್ಚ್ ಹಿಡಿದರೆ ಒಳಗೆ ಕೆಂಪು ಕಾಣುವುದಿಲ್ಲ, ಉಕ್ಕಿನ ಬಣ್ಣವೇ ಇದೆ. ಆದರೂ ಪ್ರತಿ ಬಟ್ಟೆಯ ನಡುವೆ ತಿಳಿ ನೀಲಿ ಚುಕ್ಕೆ. ಇನ್ನೂ ಮುಂದುವರಿಸಲಾ? ಮತ್ತೆ ಚೇಂಬರಿನಿಂದ ಸ್ವಲ್ಪ ಮುಂದೆ ಒಂದು ಕಡೆ ಚಿಕ್ಕ ಚಿಕ್ಕ ಕಪ್ಪು ಗುಳಿಗಳು ಕಾಣುತ್ತವೆ. ಅದೂ ಫೌಲಿಂಗಾ (ಅಂಟಿದ ಕೊಳೆಯಾ)?

ಆರ್ಮರರ್ ಮುಳ್ಳೇರಿಯ

ನಿಲ್ಲಿಸಿ, ನಿಲ್ಲಿಸಿ. ಚುಕ್ಕೆ ಬಟ್ಟೆಯ ನಡುವೆ ಇದೆ ಅಂದಿರಲ್ಲ, ಪಟ್ಟೆ ಇಲ್ಲ ಅಲ್ವಾ? ನಿಮ್ಮ ಜ್ಯಾಗ್ ಹಿತ್ತಾಳೆಯದ್ದು ಅಂತ ಕಾಣುತ್ತದೆ. ಹಿತ್ತಾಳೆಯಲ್ಲಿರುವುದೂ ತಾಮ್ರವೇ. ಸಾಲ್ವೆಂಟ್ ಈಗ ಜ್ಯಾಗನ್ನು ಕರಗಿಸುತ್ತಿದೆ, ಬ್ಯಾರಲನ್ನಲ್ಲ. ಪರೀಕ್ಷೆ ಸುಲಭ. ಸಾಲ್ವೆಂಟ್ ಹಾಕಿದ ಬಟ್ಟೆಯನ್ನು ಜ್ಯಾಗ್‌ಗೆ ಸುತ್ತಿ ಹೊರಗೇ ಇಡಿ. ನೀಲಿಯಾದರೆ ಜ್ಯಾಗ್‌ನದ್ದು. ಕಂಚಿನ ತಂತಿ ಬ್ರಷ್ ಕೂಡ ಹೀಗೆಯೇ ಮೋಸ ಮಾಡುತ್ತದೆ, ಅದನ್ನು ಮಸಿಗೆ ಮಾತ್ರ ಬಳಸಿ, ಕೂಡಲೇ ತೊಳೆದಿಡಿ. ಈ ನೀಲಿಯನ್ನು ನಂಬಿ ದಿನಗಟ್ಟಲೆ ಒಳ್ಳೆಯ ಬ್ಯಾರಲನ್ನು ತಿಕ್ಕಿದವರಿದ್ದಾರೆ.

ಕಪ್ಪು ಗುಳಿಗಳು ಫೌಲಿಂಗ್ ಅಲ್ಲ, ತುಕ್ಕು ತಿಂದ ಜಾಗ. ಹಳೆಯ ಕಾಲದ ತೋಟಾಗಳ ಕ್ಯಾಪ್‌ನಲ್ಲಿ (ಮದ್ದಿಗೆ ಕಿಡಿ ಕೊಡುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಒಂದು ಬಗೆಯ ಉಪ್ಪಾಗಿ ಒಳಗೆ ಉಳಿಯುತ್ತದೆ. ಉಪ್ಪು ಗಾಳಿಯ ನೀರನ್ನು ಎಳೆಯುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರೇ ಬೇಕು. ಅದಕ್ಕೆ ಹಿಂದಿನ ಸೈನಿಕರು ಗುಂಡು ಹಾರಿಸಿದ ದಿನವೇ ನಳಿಗೆಗೆ ಕುದಿಯುವ ನೀರು ಹೊಯ್ದು, ಒರಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. ಹಳೆಯ ತೋಟಾ ಏನಾದರೂ ಹಾರಿಸಿದರೆ ನೀವೂ ಹಾಗೆಯೇ ಮಾಡಿ.

ಆ ಗುಳಿಗಳು ಹೋಗುವುದಿಲ್ಲ. ಒರಟು ಜಾಗ ಗುಂಡಿನ ತಾಮ್ರವನ್ನು ಜಾಸ್ತಿ ಕಿತ್ತುಕೊಳ್ಳುತ್ತದೆ. ಹಾಗಾಗಿ ನಿಮ್ಮ ಬ್ಯಾರಲ್‌ಗೆ ಬೇರೆಯವರದ್ದಕ್ಕಿಂತ ಬೇಗ ತಾಮ್ರ ಹಿಡಿಯುತ್ತದೆ. ಇಷ್ಟಕ್ಕೆ ಕೋವಿ ಕೆಟ್ಟಿತು ಅಂತ ಅಂದುಕೊಳ್ಳಬೇಡಿ. ಆದರೆ ಗುಳಿ ಇರುವುದು ಚೇಂಬರಿನ ಹತ್ತಿರ ಆದ್ದರಿಂದ ಹಾರಿಸುವ ಮೊದಲು ಲೈಸೆನ್ಸ್ ಇರುವ ರಿಪೇರಿಯವರಿಗೆ ಒಮ್ಮೆ ತೋರಿಸಿ, ಆಳ ಎಷ್ಟು ಅಂತ ಅವರು ನೋಡಲಿ.

ಇನ್ನೊಂದು ವಿಷಯ. ಹಾರಿಸುವ ದಿನ ಬ್ಯಾರಲ್ ಮತ್ತು ಚೇಂಬರ್ ಎರಡಕ್ಕೂ ಒಣ ಬಟ್ಟೆ ಹಾಕಿ ಎಣ್ಣೆ ಪೂರ್ತಿ ತೆಗೆಯಿರಿ. ಚೇಂಬರಿನಲ್ಲಿ ಎಣ್ಣೆ ಇದ್ದರೆ ಬೋಲ್ಟ್ ಮೇಲೆ ಬೀಳುವ ಒತ್ತಡ ಏರುತ್ತದೆ. ಬಟ್ಟೆ ತುಂಡು ಒಳಗೆ ಉಳಿದಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಕ್ಲೀನ್ ಆದ ಬ್ಯಾರಲ್‌ನ ಮೊದಲ ಗುಂಡುಗಳು ಬೇರೆ ಕಡೆ ಬೀಳುವುದು ಸಹಜ. ಅದನ್ನು ನೋಡಿ ಸೈಟ್ ತಿರುಗಿಸಬೇಡಿ. ನಾಲ್ಕೈದು ಹಾರಲಿ, ಆಮೇಲೆ ಲೆಕ್ಕ ಹಾಕಿ.

ಪೆರ್ಲ ಗುಡ್ಡೆಮನೆ

ಮಾವ, ನಮ್ಮದು 12 ಬೋರ್ ಎರಡು ನಳಿಗೆ. ಹಂದಿಗೆ ನಮ್ಮ ಕಡೆ ಹೆಚ್ಚಿನವರ ಹತ್ತಿರ ಇರುವುದು ಅದೇ. ಇದಕ್ಕೂ ತಾಮ್ರದ ಸಾಲ್ವೆಂಟ್ ಬೇಕಾ? ಚುನಾವಣೆ ಸಮಯದಲ್ಲಿ ಕೋವಿ ಡೆಪಾಸಿಟ್ ಇಡುವಾಗ ಏನು ಮಾಡಬೇಕು ಅಂತಲೂ ಹೇಳಿ.

ಆರ್ಮರರ್ ಮುಳ್ಳೇರಿಯ

ಬೇಡ ಅಳಿಯ. ನಿಮ್ಮ ತೋಟಾದಲ್ಲಿ ತಾಮ್ರದ ಜ್ಯಾಕೆಟ್ ಇಲ್ಲ. ಅಲ್ಲಿ ಅಂಟುವುದು ಸೀಸ, ಪ್ಲಾಸ್ಟಿಕ್ ವ್ಯಾಡ್‌ನ (ಮದ್ದು ಮತ್ತು ಚರೆಯ ನಡುವಿನ ಬಿಲ್ಲೆ) ಪೊರೆ ಮತ್ತು ಮಸಿ. ಸೀಸ ಚೇಂಬರ್ ಮುಗಿಯುವ ಜಾಗದಲ್ಲಿ ಮತ್ತು ಚೋಕ್ (ಬಾಯಿಯ ಕಡೆ ನಳಿಗೆ ಕಿರಿದಾಗುವ ಜಾಗ) ಹತ್ತಿರ ಬೂದು ಗೆರೆಯಾಗಿ ಕಾಣುತ್ತದೆ. ಅದಕ್ಕೆ ಅಮೋನಿಯಾ ಏನೂ ಮಾಡುವುದಿಲ್ಲ. ಮಸಿಯ ಸಾಲ್ವೆಂಟ್ ಹಾಕಿ ನೆನೆಯಲು ಬಿಟ್ಟು ಕಂಚಿನ ಬ್ರಷ್ ಹಾಕಿ, ಸಾಕು. ಸೀಸ ತಾಗಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಡೆಪಾಸಿಟ್ ಇಡುವುದು ತಿಂಗಳುಗಟ್ಟಲೆ ಆಗುತ್ತದೆ. ಆ ಸಮಯದಲ್ಲಿ ಯಾರೂ ಒರಸುವವರಿಲ್ಲ. ಕೊಡುವ ಹಿಂದಿನ ದಿನ ಪೂರ್ತಿ ಕ್ಲೀನ್ ಮಾಡಿ, ಒಳಗೂ ಹೊರಗೂ ಎಣ್ಣೆ ಸ್ವಲ್ಪ ದಪ್ಪವಾಗಿ ಹಚ್ಚಿ. ಬಾಯಿಗೆ ಬಟ್ಟೆ ತುರುಕಬೇಡಿ, ಅದು ತೇವ ಹಿಡಿದು ಅಲ್ಲೇ ತುಕ್ಕು ತರುತ್ತದೆ. ಸ್ಪಂಜ್ ಇರುವ ಚೀಲದಲ್ಲೂ ಇಡಬೇಡಿ. ವಾಪಸ್ ತಂದ ದಿನವೇ ಎಣ್ಣೆ ಒರಸಿ ನೋಡಿ. ಕಂದು ಬಣ್ಣ ಬಂದರೆ ತುಕ್ಕು ಶುರುವಾಗಿದೆ, ಆಗಲೇ ಹಿಡಿದರೆ ಹೋಗುತ್ತದೆ.

ಅಡೂರು ತೋಟದವ

ಸರ್ ಹೇಳಿದ್ದೇ ಸರಿ. ಜ್ಯಾಗ್ ಹಿತ್ತಾಳೆಯದ್ದು. ಬಟ್ಟೆ ಸುತ್ತಿ ಹೊರಗೆ ಇಟ್ಟರೆ ಅಲ್ಲೇ ನೀಲಿ. ಪ್ಲಾಸ್ಟಿಕ್ ಜ್ಯಾಗ್ ಹಾಕಿದ ಮೇಲೆ ಬಟ್ಟೆ ಬಿಳಿಯಾಗಿ ಬಂತು.

ರಿಪೇರಿಯವರು ಗುಳಿ ನೋಡಿದರು. ಆಳ ಇಲ್ಲ, ಹಾರಿಸಬಹುದು ಅಂದರು. ಗುರಿ ನೋಡಿದಾಗ ಮೊದಲ ಎರಡು ಗುಂಡು ಕೆಳಗೆ ಬಿದ್ದವು. ಸೈಟ್ ಮುಟ್ಟಲಿಲ್ಲ. ಆಮೇಲಿನವು ಹಳೆಯ ಹಾಗೆ ಅಂಗೈ ಅಗಲದೊಳಗೆ ಬಂದವು. ಸ್ಕ್ರೂ ಗಟ್ಟಿ ಮಾಡಿದ್ದರಿಂದ ಎಷ್ಟು, ತಾಮ್ರ ಹೋದದ್ದರಿಂದ ಎಷ್ಟು ಅಂತ ಬೇರೆ ಬೇರೆ ಹೇಳಲಿಕ್ಕೆ ಆಗುವುದಿಲ್ಲ. ಒಟ್ಟಿನಲ್ಲಿ ಕೋವಿ ನಂಬುವ ಹಾಗಾಗಿದೆ. ಪಂಚಾಯತಿಗೂ ತಿಳಿಸಿದೆ.

ಇನ್ನು ಎಷ್ಟು ಗುಂಡಿಗೊಮ್ಮೆ ತಾಮ್ರ ತೆಗೆಯಬೇಕು ಸರ್?

ಆರ್ಮರರ್ ಮುಳ್ಳೇರಿಯ

ಸಂತೋಷ ಆಯಿತು. ಎಲ್ಲ ಕೋವಿಗೂ ಒಂದೇ ಲೆಕ್ಕ ಅಂತ ಇಲ್ಲ. ಮಸಿಯನ್ನು ಹಾರಿಸಿದ ದಿನವೇ ತೆಗೆಯಿರಿ, ಇಲ್ಲಿನ ಗಾಳಿಗೆ ಅದು ಕಡ್ಡಾಯ. ತಾಮ್ರವನ್ನು ಸುಮ್ನೆ ಪ್ರತಿ ಸಲ ತೆಗೆಯಬೇಡಿ. ತೋಟಾ ಪುಸ್ತಕದಲ್ಲಿ ಹೇಗೂ ಲೆಕ್ಕ ಇರುತ್ತದಲ್ಲ, ಇವತ್ತಿನ ತಾರೀಕಿಗೆ ಒಂದು ಗುರುತು ಹಾಕಿ. ಗುಂಡು ಮತ್ತೆ ಚದುರಲು ಶುರುವಾದಾಗ ಎಷ್ಟು ಹಾರಿದೆ ಅಂತ ನೋಡಿ. ನಿಮ್ಮ ಬ್ಯಾರಲ್‌ನ ಲೆಕ್ಕ ಅದು. ಮುಂದಿನ ಸಲ ಅದಕ್ಕಿಂತ ಸ್ವಲ್ಪ ಮೊದಲೇ ಕ್ಲೀನ್ ಮಾಡಿ. ಜೂನ್‌ಗೆ ಮೊದಲು ಒಮ್ಮೆ ಟಾರ್ಚ್ ಹಾಕಿ ಆ ಗುಳಿಗಳ ಜಾಗ ನೋಡಿಕೊಳ್ಳಿ, ಮಳೆ ಮುಗಿದ ಮೇಲೆ ಇನ್ನೊಮ್ಮೆ.